ದೂರದ ವಿಮಾನಯಾನವೂ ನಮ್ಮವರ ದಾಕ್ಷಿಣ್ಯವೂ

ದೆಹಲಿಯಲ್ಲಿ ನೆಲಸಿದ ಕನ್ನಡಿಗರಿಗೆ ದೂರ ಪ್ರಯಾಣವೆಂದರೇನೆಂದು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ಊರು ಸೇರುವುದು, ರಜೆ ತೀರುತ್ತಲೇ ಮತ್ತೆರಡು ರಾತ್ರಿ ಕಳೆದು ಹಿಂತಿರುಗುವುದು, ಇದು ನಮಗೆ ವರ್ಷದ ವಾಡಿಕೆ. ಗಾಡಿ ಆಗ್ರಾ ದಾಟುವುದರೊಳಗೆ ಎದುರು ಬೆಂಚಿನವರ ಊರು, ನೌಕರಿ, ಮಗಳ ಮದುವೆಯ ಖರ್ಚು ಎಲ್ಲವೂ ನಮಗೆ ತಿಳಿದಿರುತ್ತದೆ. ಭೋಪಾಲಿನಲ್ಲಿ ಇಳಿದು ಚಹಾ ಕುಡಿಯುತ್ತೇವೆ. ಮನಮಾಡಿನಲ್ಲಿ ಇಳಿದು ಸುಮ್ಮನೆ ಪ್ಲಾಟ್‌ಫಾರಂ ಅಳೆಯುತ್ತೇವೆ. ಮೇಲಿನ ಬರ್ತಿನವರಿಗೆ ನಡುರಾತ್ರಿ ಇಳಿಯಬೇಕೆನಿಸಿದರೆ ಕೆಳಗೆ ಮಲಗಿದವರ ಹಾಸಿಗೆಯ ಅಂಚನ್ನು ತುಳಿದಾದರೂ ಇಳಿಯುತ್ತಾರೆ. ಅದನ್ನು ಯಾರೂ ತಪ್ಪೆಂದು ಭಾವಿಸುವುದಿಲ್ಲ.

ಇದೇ ಜನ ವಿಮಾನ ಹತ್ತಿದೊಡನೆ ಬೇರೆ ಜನರಾಗಿಬಿಡುತ್ತಾರೆ. ಪಕ್ಕದವರೊಡನೆ ಮಾತಿಲ್ಲ, ನೀರು ಕೇಳಲು ಸಂಕೋಚ, ಏಳಲು ಸಂಕೋಚ, ಕೆಮ್ಮಲೂ ಸಂಕೋಚ. ಬೆಳ್ಳಿಯ ತಟ್ಟೆಯಲ್ಲಿ ಊಟಕ್ಕೆ ಕರೆದ ದೊಡ್ಡ ಮನೆಯಲ್ಲಿ ಬಡ ನೆಂಟ ಕುಳಿತಂತೆ ಕುಳಿತಿರುತ್ತಾರೆ. ಟಿಕೆಟ್ಟಿಗೆ ಲಕ್ಷ ರೂಪಾಯಿ ತೆತ್ತವರು ತಾವೇ ಎಂಬುದು ಮರೆತುಹೋಗಿರುತ್ತದೆ.

ನಮ್ಮ ಬಳಗದಲ್ಲಿ ಮಗನೋ ಮಗಳೋ ಅಮೆರಿಕೆಯಲ್ಲಿಯೋ ಕೆನಡಾದಲ್ಲಿಯೋ ಆಸ್ಟ್ರೇಲಿಯದಲ್ಲಿಯೋ ಇಲ್ಲದ ಮನೆ ಈಗ ಕಡಿಮೆ. ಅಲ್ಲಿ ಬಾಣಂತನಕ್ಕೆಂದು, ಮೊಮ್ಮಗುವಿನ ನಾಮಕರಣಕ್ಕೆಂದು, ಅರುವತ್ತು ದಾಟಿದ ಮೇಲೆ ಮೊಟ್ಟಮೊದಲು ವಿಮಾನ ಏರುವ ತಂದೆತಾಯಿಗಳು ಅನೇಕರು. ಪ್ರಯಾಣ ಗೊತ್ತಾಯಿತೆಂದರೆ ಮನೆಗೆ ಬಂದವರೆಲ್ಲ ಕೇಳುವುದು ಒಂದೇ: ಪೆಟ್ಟಿಗೆಯ ತೂಕ ಎಷ್ಟಾಯಿತು, ಮೆಂತ್ಯದ ಹಿಟ್ಟು ಹಾಕಿದಿರಾ, ಅಂಟಿನುಂಡೆ ಕಟ್ಟಿದಿರಾ. ಏನನ್ನು ಒಯ್ಯಬೇಕೆಂದು ಹೇಳುವವರು ನೂರು ಮಂದಿ. ಅಷ್ಟು ಹೊತ್ತು ಹೇಗೆ ಕೂರಬೇಕೆಂದು ಹೇಳುವವರು ಒಬ್ಬರೂ ಇಲ್ಲ. ನಾವೂ ಹೇಳಿರಲಿಲ್ಲ. ಅದರ ಫಲವನ್ನು ಉಂಡವರು ನಮ್ಮ ತಾಯಿ.

2017ರಲ್ಲಿ ಅಕ್ಕನ ಚೊಚ್ಚಲ ಬಾಣಂತನಕ್ಕೆಂದು ತಾಯಿಯವರು ಅಮೆರಿಕೆಯ ಪಶ್ಚಿಮ ತೀರಕ್ಕೆ ಹೊರಟರು. ಯುರೋಪಿನವರೆಗೆ ಎಂಟೂವರೆ ಗಂಟೆ, ಅಲ್ಲಿ ವಿಮಾನ ಬದಲಿಸಿ ಮತ್ತೆ ಹನ್ನೊಂದು ಗಂಟೆ. ಮೊದಲ ಸಲ ಹೋಗುತ್ತಾರೆ, ಮೋಡ ನೋಡಲಿ, ಹಿಮ ನೋಡಲಿ ಎಂದು ಎರಡು ವಿಮಾನದಲ್ಲೂ ಕಿಟಕಿಯ ಪಕ್ಕದ ಆಸನವನ್ನು ನಾವೇ ಆರಿಸಿ, ಅದಕ್ಕೆಂದು ಬೇರೆ ಹಣವನ್ನೂ ಕಟ್ಟಿದೆವು. ಪ್ರೀತಿಯಿಂದ ಮಾಡಿದ ತಪ್ಪು ಅದು. ಎರಡನೆಯ ವಿಮಾನದಲ್ಲಿ ತಾಯಿಯವರ ಪಕ್ಕದಲ್ಲಿ ಒಬ್ಬ ಹೆಂಗಸು, ಆಕೆಯ ಪಕ್ಕದಲ್ಲಿ ಓಣಿಯ ಕಡೆಗೆ ಒಬ್ಬ ಸ್ಥೂಲಕಾಯದ ಗೃಹಸ್ಥರು. ಊಟವಾದೊಡನೆ ಇಬ್ಬರೂ ಕಂಬಳಿ ಹೊದ್ದು ನಿದ್ರೆ ಹೋದರು. ನಮ್ಮ ತಾಯಿ ಹನ್ನೊಂದು ಗಂಟೆಯೂ ಕುಳಿತಲ್ಲಿಂದ ಏಳಲಿಲ್ಲ. ಏಳಬೇಕಾದೀತೆಂಬ ಭಯದಿಂದ ನೀರು ಕುಡಿಯಲಿಲ್ಲ. ಗಗನಸಖಿ ಎರಡು ಸಲ ಹಣ್ಣಿನ ರಸ ತಂದರೆ ಎರಡು ಸಲವೂ ಕೈಮುಗಿದರು.

“ಮಲಗಿದ್ದವರನ್ನ ಹೇಗೋ ಎಬ್ಬಿಸೋದು? ಪಾಪ, ಅವರಿಗೆ ಎಷ್ಟು ದಣಿವೋ ಏನೋ” ಎಂದು ಆಮೇಲೆ ಟೆಲಿಫೋನಿನಲ್ಲಿ ಹೇಳಿದರು.

ಇಳಿದಾಗ ಎರಡು ಪಾದಗಳೂ ಊದಿದ್ದವು. ಅದು ಎಲ್ಲರಿಗೂ ಆಗುವುದೇ ಎಂದು ಅಕ್ಕನೂ ಸುಮ್ಮನಾದಳು. ಎರಡು ದಿನದಲ್ಲಿ ಬಲಗಾಲಿನ ಊತ ಇಳಿಯಿತು, ಎಡಗಾಲಿನದು ಇಳಿಯಲಿಲ್ಲ. ಮೀನಖಂಡ ಬಿಗಿದು, ಮುಟ್ಟಿದರೆ ಬಿಸಿಯಾಗಿ ನೋಯುತ್ತಿತ್ತು. ತಾಯಿಯವರು ತಮ್ಮ ವೈದ್ಯ ತಾವೇ ಮಾಡಿಕೊಂಡರು: ಕೊಬ್ಬರಿ ಎಣ್ಣೆ ಬಿಸಿ ಮಾಡಿ ರಾತ್ರಿ ಚೆನ್ನಾಗಿ ತಿಕ್ಕಿಕೊಂಡರು. ಐದನೆಯ ದಿನ ಅಕ್ಕ ತನ್ನ ತಪಾಸಣೆಗೆಂದು ಆಸ್ಪತ್ರೆಗೆ ಹೋದಾಗ ಜೊತೆಗಿದ್ದ ತಾಯಿಯವರ ಕುಂಟು ನಡಿಗೆಯನ್ನು ಕಂಡು ಡಾಕ್ಟರು ತಾವಾಗಿಯೇ ವಿಚಾರಿಸಿದರು. ಶಬ್ದತರಂಗದ ಪರೀಕ್ಷೆ ಮಾಡಿ ನೋಡಿದರೆ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಎಣ್ಣೆ ತಿಕ್ಕಿದ ಸಂಗತಿ ಕೇಳಿ ಅವರು ಗಾಬರಿಗೊಂಡರಂತೆ. ತಿಕ್ಕಿದಾಗ ಆ ಗಡ್ಡೆ ಕಿತ್ತು ರಕ್ತದೊಡನೆ ಹರಿದು ಶ್ವಾಸಕೋಶಕ್ಕೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಬಾಣಂತನ ಮಾಡಲು ಹೋದವರಿಗೆ ತುಂಬು ಗರ್ಭಿಣಿಯೇ ಶುಶ್ರೂಷೆ ಮಾಡುವಂತಾಯಿತು. ರಕ್ತ ತೆಳುವಾಗಿಸುವ ಔಷಧ ಮೂರು ತಿಂಗಳು ನಡೆಯಿತು. ಪ್ರವಾಸದ ವಿಮೆ ಮಾಡಿಸಿದ್ದೆವು, ಅದೊಂದು ಪುಣ್ಯ.

ಇದು ನಮ್ಮ ಕಾಲದ ಹೊಸ ವ್ಯಾಧಿಯೆಂದು ತಿಳಿದಿದ್ದೆವು. ಹಾಗಲ್ಲ. 1940ರಲ್ಲಿ ಲಂಡನ್ ನಗರದ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ರಾತ್ರಿಯಿಡೀ ನೆಲಮಾಳಿಗೆಗಳಲ್ಲಿ ಮಡಿಸುವ ಕುರ್ಚಿಗಳ ಮೇಲೆ ಕುಳಿತೇ ನಿದ್ರಿಸುತ್ತಿದ್ದರು. ಬಾಂಬು ತಗಲದೆಯೇ ಕೆಲವರು ಬೆಳಗ್ಗೆ ಎದ್ದು ನಾಲ್ಕು ಹೆಜ್ಜೆ ಹಾಕುವುದರೊಳಗೆ ಕುಸಿದು ಸತ್ತರು. ಕೀತ್ ಸಿಂಪ್ಸನ್ ಎಂಬ ವೈದ್ಯರು ಶವಪರೀಕ್ಷೆ ಮಾಡಿ, ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದದ್ದೇ ಕಾರಣವೆಂದು ಅದೇ ವರ್ಷ ಪ್ರಕಟಿಸಿದರು. ಕುರ್ಚಿಯ ಮುಂದಿನ ಅಡ್ಡಪಟ್ಟಿ ತೊಡೆಯ ಕೆಳಗೆ ಒತ್ತಿ ರಕ್ತದ ಹರಿವನ್ನು ತಡೆಯುತ್ತಿತ್ತು. 1954ರಲ್ಲಿ ಅಮೆರಿಕೆಯ ಜಾನ್ ಹೋಮನ್ಸ್ ಎಂಬ ಶಸ್ತ್ರವೈದ್ಯರು, ಬಹಳ ಹೊತ್ತು ಕುಳಿತುದರಿಂದ ಹೀಗಾದ ರೋಗಿಗಳ ವೃತ್ತಾಂತ ಬರೆದಾಗ ಅವರಲ್ಲಿ ಒಬ್ಬರು ದೀರ್ಘ ವಿಮಾನಯಾನ ಮಾಡಿ ಬಂದವರು, ಅವರೂ ವೈದ್ಯರೇ.

ಆದರೂ ಆ ಕಾಲದ ವಿಮಾನಗಳಲ್ಲಿ ಒಂದು ಸೌಕರ್ಯವಿತ್ತು. 1948ರ ಜೂನ್ 8ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ ಮೊದಲನೆಯ ವಿಮಾನ ‘ಮಲಬಾರ್ ಪ್ರಿನ್ಸೆಸ್’ 35 ಜನ ಪ್ರಯಾಣಿಕರನ್ನು ಹೊತ್ತು ಕೈರೋ, ಜಿನೀವಾಗಳಲ್ಲಿ ಇಳಿದು ಮುಂದೆ ಹೋಯಿತು. ಎಂಜಿನ್ನಿಗೆ ಎಣ್ಣೆ ಬೇಕಿತ್ತು. ಆ ನೆಪದಲ್ಲಿ ಮನುಷ್ಯರ ಕಾಲಿಗೂ ಬಿಡುವು ದೊರೆಯುತ್ತಿತ್ತು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ, ಚಾಲಕರೆಲ್ಲರೂ ಮಹಿಳೆಯರೇ ಆಗಿದ್ದ ವಿಮಾನ ಉತ್ತರಧ್ರುವದ ಮೇಲಿನಿಂದ ಎಲ್ಲಿಯೂ ಇಳಿಯದೆ ಬಂದು ತಲುಪಿತು. ನೇರ ಅಂತರವೇ ಸುಮಾರು 14,000 ಕಿಲೋಮೀಟರು. ಪತ್ರಿಕೆಯಲ್ಲಿ ಓದಿ ನಾವೂ ಹೆಮ್ಮೆಪಟ್ಟೆವು. ಆದರೆ ಇಳಿಯದೆ ಬರುವುದೆಂದರೆ ಏಳದೆ ಬರುವುದೆಂದು ಮಾತ್ರ ಆಗಬಾರದು.

ಕಾಲಿನಲ್ಲಿ ನಡೆಯುವುದಿಷ್ಟು. ಹೃದಯ ರಕ್ತವನ್ನು ಪಾದದವರೆಗೆ ತಳ್ಳುತ್ತದೆ. ಮೇಲಕ್ಕೆ ಹಿಂತಿರುಗಿಸಲು ಅಲ್ಲಿ ಬೇರೆ ಹೃದಯವಿಲ್ಲ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ಅದನ್ನು ಮೇಲಕ್ಕೆ ಕಳುಹಿಸುತ್ತವೆ. ಕಾಲು ಇಳಿಬಿಟ್ಟು ಅಲುಗಾಡದೆ ಕುಳಿತರೆ ಈ ಕೆಲಸ ನಿಲ್ಲುತ್ತದೆ. ನಿಂತ ನೀರಿನಲ್ಲಿ ಪಾಚಿ ಕಟ್ಟುವಂತೆ ರಕ್ತವೂ ಕಟ್ಟುವ ಸಂಭವ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಮೀರಿ ಕುಳಿತು ಮಾಡುವ ಪ್ರಯಾಣದಿಂದ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆ. ಅದು ವಿಮಾನಕ್ಕೆ ಮಾತ್ರವಲ್ಲ, ರೈಲು, ಬಸ್ಸು, ಕಾರಿಗೂ ಅನ್ವಯಿಸುತ್ತದೆ. ಇಷ್ಟಾದರೂ ಆರೋಗ್ಯವಂತರಲ್ಲಿ ಸುಮಾರು ಆರು ಸಾವಿರ ಪ್ರಯಾಣಕ್ಕೊಂದು ಎಂಬಷ್ಟೇ ಅದರ ಪ್ರಮಾಣ. ಆದುದರಿಂದ ಯಾರೂ ಹೆದರಿ ಟಿಕೆಟ್ಟು ರದ್ದುಮಾಡಬೇಕಾಗಿಲ್ಲ. ಹಿಂದೊಮ್ಮೆ ಹೀಗಾದವರು, ಸ್ಥೂಲದೇಹಿಗಳು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು, ಸಂತಾನನಿಯಂತ್ರಣದ ಮಾತ್ರೆ ಸೇವಿಸುವವರು, ಇವರು ಮಾತ್ರ ಹೊರಡುವ ಮುನ್ನ ಡಾಕ್ಟರನ್ನು ಕಾಣಲೇಬೇಕು. ಬಹಳ ಎತ್ತರದವರಿಗೂ ಬಹಳ ಕುಳ್ಳಗಿನವರಿಗೂ ಅಪಾಯ ಹೆಚ್ಚೆಂಬುದು ಅದೇ ಅಧ್ಯಯನದಲ್ಲಿ ಕಂಡುಬಂತು. ನಮ್ಮ ತಾಯಿಯವರದು ನಾಲ್ಕು ಅಡಿ ಹತ್ತಂಗುಲ. ಅವರ ಪಾದ ನೆಲಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಆಸನದ ಅಂಚು ಮೊಣಕಾಲಿನ ಹಿಂದೆ ಒತ್ತುತ್ತದೆ. ಲಂಡನ್ನಿನ ಆ ಮಡಿಸುವ ಕುರ್ಚಿಯ ಕಥೆಯೇ.

2022ರ ಕೊನೆಯಲ್ಲಿ ಅಕ್ಕ ಮತ್ತೆ ಗರ್ಭಿಣಿಯೆಂಬ ಸುದ್ದಿ ಬಂತು. ಮನೆಯಲ್ಲಿ ಸಂತೋಷವಾದಷ್ಟೇ ಚಿಂತೆಯೂ ಆಯಿತು. ತಾಯಿಯವರು ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಒಂದು ದಿನ ಸುಮ್ಮನೆ ಮೆಂತ್ಯ ಹುರಿಯುತ್ತ ಕುಳಿತಿದ್ದರು. ನಾವು ಡಾಕ್ಟರ ಬಳಿಗೆ ಕರೆದೊಯ್ದೆವು. ಅವರು ಪರೀಕ್ಷಿಸಿ, ಹೋಗಬಹುದು, ಆದರೆ ಹೀಗೆ ಹೀಗೆ ಹೋಗಬೇಕು ಎಂದು ಒಂದು ಹಾಳೆಯ ತುಂಬ ಬರೆದುಕೊಟ್ಟರು. ಒಬ್ಬರನ್ನೇ ಕಳುಹಿಸುವ ಧೈರ್ಯ ನಮಗಿರಲಿಲ್ಲ. ನಾವೂ ಹೊರಟೆವು. ಸರ್ಕಾರಿ ಗುಮಾಸ್ತನಿಗೆ ವಿದೇಶಕ್ಕೆ ಹೋಗಲು ಕಛೇರಿಯ ಅನುಮತಿ ದೊರೆಯಲು ಹಿಡಿದ ಕಾಲದಲ್ಲಿ ಅಮೆರಿಕೆಗೆ ಹತ್ತು ಸಲ ಹೋಗಿಬರಬಹುದಾಗಿತ್ತು. ಅದು ಬೇರೆಯೇ ಲೇಖನದ ವಿಷಯ.

ಮೊದಲು ಆಸನದ ಮಾತು. ಅಗ್ಗದ ದರ್ಜೆಯಲ್ಲಿ ಒಂದು ಸಾಲಿಗೂ ಇನ್ನೊಂದು ಸಾಲಿಗೂ ಬಹುಮಟ್ಟಿಗೆ 31–32 ಅಂಗುಲದ ಅಂತರ. ಅದರಲ್ಲಿಯೇ ಕುರ್ಚಿಯ ದಪ್ಪವೂ ಸೇರಿದೆ. ಇಷ್ಟು ಇಕ್ಕಟ್ಟಿನಲ್ಲಿ ಸುಖ ಕೊಡುವುದು ಓಣಿಯ ಪಕ್ಕದ ಆಸನವೊಂದೇ. ಅಮೆರಿಕೆಯ ಎದೆರೋಗ ವೈದ್ಯರ ಸಂಘ 2012ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಕಿಟಕಿಯ ಪಕ್ಕ ಕುಳಿತವರು ಏಳುವುದು ಕಡಿಮೆಯಾದುದರಿಂದ ಅವರಿಗೆ ಅಪಾಯ ಹೆಚ್ಚೆಂದೂ, ಅಪಾಯವುಳ್ಳವರು ಓಣಿಯ ಪಕ್ಕವನ್ನೇ ಆರಿಸಿಕೊಳ್ಳಬೇಕೆಂದೂ ಹೇಳಿದೆ. ಅದನ್ನು ಓದಿದ ದಿನ ನಮಗೆ ಊಟ ಸೇರಲಿಲ್ಲ. ತಾಯಿಯನ್ನು ಕಿಟಕಿಯ ಪಕ್ಕ ಕೂಡಿಸಲು ಬೇರೆ ಹಣ ಕಟ್ಟಿದವರು ನಾವು! ಮೋಡವನ್ನು ನೋಡಬೇಕಾದರೆ ಆಗುಂಬೆಗೆ ಹೋಗಬಹುದು. ತಂದೆತಾಯಿಗಳಿಗೆ ಟಿಕೆಟ್ಟು ಕೊಳ್ಳುವ ಮಕ್ಕಳು ದಯವಿಟ್ಟು ಓಣಿಯ ಪಕ್ಕದ ಆಸನವನ್ನೇ ಗೊತ್ತುಮಾಡಲಿ.

ಆ ಹಾಳೆಯಲ್ಲಿದ್ದ ಎರಡನೆಯ ಸಂಗತಿ ಒತ್ತುಚೀಲ, ಎಂದರೆ ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಬಿಗಿಯಾಗಿ ಹಿಡಿಯುವ ವಿಶೇಷ ಕಾಲುಚೀಲ. ಪಾದದ ಗಂಟಿನ ಬಳಿ ಹೆಚ್ಚು ಬಿಗಿ, ಮೇಲೆ ಹೋದಂತೆ ಕಡಿಮೆ. ಇದನ್ನು ಧರಿಸಿದವರಲ್ಲಿ ಊತವೂ, ಲಕ್ಷಣ ತೋರದೆ ಕಟ್ಟುವ ಗಡ್ಡೆಗಳೂ ಬಹಳ ಕಡಿಮೆಯೆಂದು ಹಲವು ಪರೀಕ್ಷೆಗಳಲ್ಲಿ ಸ್ಥಿರಪಟ್ಟಿದೆ. ಆದರೆ ಅಂಗಡಿಯಲ್ಲಿ ಕಂಡದ್ದನ್ನು ಕೊಳ್ಳುವಂತಿಲ್ಲ. ಕಾಲಿನ ಅಳತೆ ಕೊಟ್ಟು ಕೊಳ್ಳಬೇಕು. ಅಳತೆ ತಪ್ಪಿದರೆ ಅದೇ ರಕ್ತವನ್ನು ಕಟ್ಟಿಹಾಕುತ್ತದೆ. ಕಾಲಿನ ರಕ್ತನಾಳಗಳು ಕಿರಿದಾಗಿರುವವರು, ಬಹುಕಾಲದ ಸಕ್ಕರೆ ರೋಗಿಗಳು ಡಾಕ್ಟರನ್ನು ಕೇಳದೆ ಹಾಕಬಾರದು. ಊತ ಬರುವುದಕ್ಕೆ ಮೊದಲೇ, ಮನೆಯಿಂದ ಹೊರಡುವಾಗಲೇ ಹಾಕಿಕೊಳ್ಳಬೇಕು. ಮೊದಲ ದಿನ ಅದನ್ನು ತಾಯಿಯವರ ಕಾಲಿಗೆ ಏರಿಸಲು ನಮ್ಮಾಕೆಯೂ ನಾವೂ ಸೇರಿ ಅರ್ಧ ಗಂಟೆ ಹೆಣಗಿದೆವು. ಹೊರಡುವ ಮುನ್ನ ನಾಲ್ಕು ದಿನ ಅಭ್ಯಾಸ ಮಾಡಿಸಿದ್ದು ಒಳ್ಳೆಯದಾಯಿತು. ಆಸ್ಪಿರಿನ್ ಮಾತ್ರೆಯೊಂದನ್ನು ನುಂಗಿ ಹತ್ತಿದರಾಯಿತೆಂದು ಹಲವರು ಹೇಳುವುದುಂಟು. ಡಾಕ್ಟರು ಹೇಳದೆ ಅದನ್ನು ಮಾಡಬಾರದು.

ಮೂರನೆಯದು ಕಾಲಾಡಿಸುವುದು. ಇದಕ್ಕೆ ಒಂದು ಕಾಸಿನ ಖರ್ಚಿಲ್ಲ. ಹಿಮ್ಮಡಿ ನೆಲದಲ್ಲಿಟ್ಟು ಬೆರಳ ತುದಿಯನ್ನು ಮೇಲಕ್ಕೆತ್ತುವುದು, ಬೆರಳನ್ನು ನೆಲದಲ್ಲಿಟ್ಟು ಹಿಮ್ಮಡಿಯನ್ನು ಎತ್ತುವುದು, ಪಾದವನ್ನು ಗಿರ್ರನೆ ತಿರುಗಿಸುವುದು. ನಮ್ಮ ಅಜ್ಜಿ ಕುಳಿತಲ್ಲಿಯೇ ಕಾಲಿನಿಂದ ತೊಟ್ಟಿಲು ತೂಗುತ್ತಿದ್ದಳಲ್ಲ, ಹಾಗೆ. ಎಚ್ಚರವಿರುವಾಗ ಗಂಟೆಗೊಮ್ಮೆ ನಾಲ್ಕೈದು ನಿಮಿಷ ಹೀಗೆ ಮಾಡಿದರೆ ಸಾಕು. ಒಂದೆರಡು ಗಂಟೆಗೊಮ್ಮೆ ಎದ್ದು ವಿಮಾನದ ಹಿಂದಿನ ಕೊನೆಯವರೆಗೆ ನಡೆದು ಬರಬೇಕು. ಕುಳ್ಳಗಿನವರು ತಮ್ಮ ಕೈಚೀಲವನ್ನು ಕಾಲಿನ ಕೆಳಗೆ ಮಣೆಯಂತೆ ಇಟ್ಟುಕೊಂಡರೆ ತೊಡೆಯ ಒತ್ತಡ ತಪ್ಪುತ್ತದೆ. ಎತ್ತರದವರು ಅದೇ ಚೀಲವನ್ನು ಮೇಲಿನ ಗೂಡಿಗೆ ಸೇರಿಸಿ ಕಾಲಿಗೆ ಜಾಗ ಮಾಡಿಕೊಳ್ಳಬೇಕು. ನಿದ್ರೆಯ ಮಾತ್ರೆ ನುಂಗಿ, ಅದರ ಮೇಲೆ ಪುಕ್ಕಟೆ ದೊರೆಯುವ ಮದ್ಯವನ್ನೂ ಸೇವಿಸಿ, ಕೊರಡಿನಂತೆ ಎಂಟು ಗಂಟೆ ಬಿದ್ದುಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ.

ನೀರಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶ ಸಾಮಾನ್ಯವಾಗಿ ಶೇಕಡಾ 10ರಿಂದ 20ರಷ್ಟು ಮಾತ್ರ. ಮೇ ತಿಂಗಳ ದೆಹಲಿಯ ಬಿಸಿಗಾಳಿಯಲ್ಲಿ ಬೆಂದವರಿಗೆ ಆ ಒಣಗುವಿಕೆ ಎಂಥದೆಂದು ಗೊತ್ತು, ಇಲ್ಲಿ ಸೆಖೆ ಮಾತ್ರ ಇಲ್ಲ. ಗಂಟಲು ಕೆರೆಯುತ್ತದೆ, ಕಣ್ಣು ಉರಿಯುತ್ತದೆ, ತಲೆ ಸಿಡಿಯುತ್ತದೆ. ಆದುದರಿಂದ ಆಗಾಗ್ಗೆ ನೀರು ಕುಡಿಯಬೇಕು. ಆದರೆ ನೀರು ಕುಡಿಯದಿದ್ದುದರಿಂದಲೇ ರಕ್ತ ಗಡ್ಡೆಕಟ್ಟುತ್ತದೆಂಬುದಕ್ಕೆ ಸರಿಯಾದ ಆಧಾರ ದೊರೆತಿಲ್ಲವೆಂದು 2012ರ ಅದೇ ಸೂಚನೆಗಳು ಹೇಳುತ್ತವೆ. ನಮ್ಮ ಮಟ್ಟಿಗೆ ನೀರಿನ ಅತಿ ದೊಡ್ಡ ಉಪಕಾರವೆಂದರೆ, ಕುಡಿದವರು ಏಳಲೇಬೇಕು! ಖಾಲಿ ಬಾಟಲಿಯನ್ನು ಕೈಚೀಲದಲ್ಲಿಟ್ಟುಕೊಂಡು ತಪಾಸಣೆ ಮುಗಿದ ಮೇಲೆ ನಿಲ್ದಾಣದ ನಲ್ಲಿಯಲ್ಲಿ ತುಂಬಿಕೊಂಡರೆ ಯಾರನ್ನೂ ಕೇಳುವ ಗೊಡವೆಯಿಲ್ಲ.

ಇಲ್ಲಿಯೇ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಹೆಂಗಸರು ನೀರು ಕುಡಿಯದಿರುವುದಕ್ಕೆ ಪಕ್ಕದವರ ಮೇಲಿನ ದಾಕ್ಷಿಣ್ಯವೊಂದೇ ಕಾರಣವಲ್ಲ. ವಿಮಾನದ ಶೌಚಗೃಹದ ಭಯವೂ ಇದೆ. ಬಾಗಿಲು ನಡುವೆ ಮಡಿಸಿಕೊಳ್ಳುವಂಥದು. ಎಲ್ಲಿ ತಳ್ಳಬೇಕೆಂದು ತಿಳಿಯುವುದಿಲ್ಲ. ಒಳಗೆ ಮಂದ ಬೆಳಕು. ಚಿಲಕವನ್ನು ಪೂರ್ತಿ ಸರಿಸಿದ ಮೇಲೆಯೇ ದೀಪ ಚೆನ್ನಾಗಿ ಹತ್ತುತ್ತದೆ. ಗುಂಡಿ ಒತ್ತಿದರೆ ನೀರು ಬರುವುದಿಲ್ಲ. ಗಾಳಿ ಎಲ್ಲವನ್ನೂ ಸೆಳೆದುಕೊಳ್ಳುವ ಭಾರಿ ಸದ್ದು ಎದೆ ನಡುಗಿಸುತ್ತದೆ. ತಾಯಿಯವರು ಮೊದಲನೆಯ ವಿಮಾನದಲ್ಲಿ ಒಮ್ಮೆ ಹೋಗಿ ಈ ಸದ್ದಿಗೆ ಬೆದರಿಯೇ ಎರಡನೆಯದರಲ್ಲಿ ಏಳದಿದ್ದರೆಂದು ನಮಗೆ ಗೊತ್ತಾದದ್ದು ಆರು ವರ್ಷದ ಮೇಲೆ. ಇದನ್ನೆಲ್ಲ ನಾಚಿಕೆಯಿಲ್ಲದೆ ಮೊದಲೇ ಹೇಳಿಕೊಡಬೇಕು. ಒಳಗೆ ತಂಬಿಗೆಯೂ ಇಲ್ಲ ಕೊಳಾಯಿಯೂ ಕೈಗೆಟುಕದು. ಒಂದು ಸಣ್ಣ ಖಾಲಿ ಬಾಟಲಿ ಜೊತೆಯಲ್ಲಿರಲಿ.

ಇನ್ನು ಗಾಳಿಯ ಒತ್ತಡ. ವಿಮಾನ ಮೂವತ್ತೈದು ಸಾವಿರ ಅಡಿಯ ಮೇಲೆ ಹಾರುತ್ತಿದ್ದರೂ ಒಳಗಿನ ಗಾಳಿಯನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಒತ್ತಡದಲ್ಲಿಟ್ಟಿರುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ. ಎಂದರೆ ಇಡೀ ರಾತ್ರಿ ಮುಳ್ಳಯ್ಯನಗಿರಿಯ ಮೇಲೋ ಅದಕ್ಕಿಂತ ಸ್ವಲ್ಪ ಎತ್ತರದಲ್ಲೋ ಕುಳಿತಂತೆ. ಆರೋಗ್ಯವಂತರಿಗೆ ಇದು ಗೊತ್ತಾಗುವುದಿಲ್ಲ. ಹೃದಯ, ಶ್ವಾಸಕೋಶಗಳ ತೊಂದರೆಯಿದ್ದವರು ಕೇಳಿಕೊಂಡೇ ಹೊರಡಬೇಕು. ಒತ್ತಡ ಇಳಿದಾಗ ಹೊಟ್ಟೆಯೊಳಗಿನ ವಾಯು ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಹಿಗ್ಗುತ್ತದೆ. ಹೊರಡುವ ದಿನ ಹಿತಕಿದ ಅವರೆಬೇಳೆಯ ಸಾರು ಮಾಡಿ ಬೀಳ್ಕೊಡುವುದು ಅಕ್ಕರೆಯ ಕೆಲಸವೇ ಆದರೂ, ಉಂಡವರ ಅವಸ್ಥೆಯನ್ನು ಅವರ ಅಕ್ಕಪಕ್ಕದವರೂ ಅನುಭವಿಸಬೇಕಾಗುತ್ತದೆ. ಸೋಡಾ ಮೊದಲಾದ ನೊರೆಯ ಪಾನೀಯಗಳೂ ಬೇಡ. ಇಳಿಯುವಾಗ ಕಿವಿ ಕಟ್ಟಿಕೊಳ್ಳುವುದಕ್ಕೆ ಉಗುಳು ನುಂಗುವುದು, ಆಕಳಿಸುವುದು, ಏಲಕ್ಕಿಯನ್ನೋ ಪೆಪ್ಪರಮೆಂಟನ್ನೋ ಚೀಪುವುದು ಉಪಾಯ. ಕೈಗೂಸಿದ್ದವರು ಆ ವೇಳೆಗೆ ಸರಿಯಾಗಿ ಹಾಲು ಕುಡಿಸಬೇಕು. ಜೋರಾದ ನೆಗಡಿಯಿದ್ದಾಗ ಹೊರಡದಿರುವುದೇ ಮೇಲು.

ವಿಮಾನದ ಊಟ ಸಪ್ಪೆಯೆಂದು ದೂರದವರಿಲ್ಲ. ತಪ್ಪು ಪೂರ್ತಿ ಅಡಿಗೆಯವನದಲ್ಲ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು 2010ರ ಸುಮಾರಿಗೆ ನೆಲದ ಮೇಲೆಯೇ ವಿಮಾನದಂಥ ಒತ್ತಡವನ್ನು ಏರ್ಪಡಿಸಿ ಪರೀಕ್ಷಿಸಿದಾಗ, ಉಪ್ಪು ಮತ್ತು ಸಿಹಿಯ ರುಚಿ ಅಲ್ಲಿ ಗಣನೀಯವಾಗಿ ಕುಗ್ಗುತ್ತದೆಂದೂ, ಹುಳಿ ಖಾರಗಳು ಅಷ್ಟಾಗಿ ಕುಗ್ಗುವುದಿಲ್ಲವೆಂದೂ ಕಂಡಿತು. ನಮ್ಮ ಚಟ್ನಿಪುಡಿಯ ಮಹಿಮೆ ಜರ್ಮನಿಯಲ್ಲಿ ಸ್ಥಾಪಿತವಾದಂತಾಯಿತು. ಆದರೆ ನಿಯಮಗಳನ್ನು ಮರೆಯಬಾರದು. ಅಮೆರಿಕೆಗೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ಬಿಚ್ಚಿಸಿ ನೋಡುವ ಪದ್ಧತಿ 2018ರಿಂದ ಬಂದಿದೆ. ಉಪ್ಪಿನಕಾಯಿ ದ್ರವದ ಲೆಕ್ಕಕ್ಕೆ ಸೇರುತ್ತದೆ; ಪೆಟ್ಟಿಗೆಯಲ್ಲಿಯೇ ಹೋಗಬೇಕು. ಸಸ್ಯಾಹಾರ ಬೇಕಾದವರು ಟಿಕೆಟ್ಟು ಕೊಳ್ಳುವಾಗಲೇ ‘ಏಷ್ಯನ್ ವೆಜಿಟೇರಿಯನ್’ ಊಟವೆಂದು ಬರೆಸಬೇಕು. ಬರಿಯ ‘ವೆಜಿಟೇರಿಯನ್’ ಎಂದರೆ ಬೇಯಿಸಿದ ಗಜ್ಜರಿಯನ್ನೂ ಎಲೆಗಳನ್ನೂ ತಂದು ಮುಂದಿಡುವ ಸಂಭವವುಂಟು. ನಿತ್ಯದ ಔಷಧಗಳು, ಮುಖ್ಯವಾಗಿ ಇನ್ಸುಲಿನ್, ಡಾಕ್ಟರ ಚೀಟಿಯೊಡನೆ ಕೈಚೀಲದಲ್ಲಿಯೇ ಇರಲಿ.

ಉಡುಪಿನಲ್ಲಿ ನಮಗೂ ತಾಯಿಯವರಿಗೂ ಜಗಳವಾಯಿತು. ಸಡಿಲವಾದ ಸಲ್ವಾರ್ ಕಮೀಜು ಹಾಕಿಕೊಳ್ಳಿರೆಂದು ನಮ್ಮಾಕೆ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಹತ್ತಿಯ ಸೀರೆ, ಒಳಲಂಗದ ಲಾಡಿ ಮಾತ್ರ ಸಡಿಲ, ಮೇಲೊಂದು ಸ್ವೆಟರು ಎಂದು ರಾಜಿಯಾಯಿತು. ಪಾದ ಊದುವುದರಿಂದ ಚಪ್ಪಲಿಯೂ ಸಡಿಲವಾಗಿರಬೇಕು. ಕಂಬಳಿ ಹೊದ್ದ ಮೇಲೆ ಅದರ ಮೇಲಿಂದ ಸೊಂಟಪಟ್ಟಿ ಕಟ್ಟಿಕೊಂಡರೆ, ಕಟ್ಟಿದ್ದೀರಾ ಎಂದು ನೋಡಲು ಗಗನಸಖಿ ನಿದ್ರೆಯಿಂದ ಎಬ್ಬಿಸುವುದಿಲ್ಲ.

ಗಾಲಿಕುರ್ಚಿಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಹಲವರು ಒಪ್ಪಲಾರರು. ಇಂಗ್ಲಿಷು ಬಾರದ ಹಿರಿಯರಿಗೆ ದಾರಿ ತೋರುವವರು ಸಿಗುತ್ತಾರೆಂದು ಮಕ್ಕಳು ಗಾಲಿಕುರ್ಚಿ ಬರೆಸುತ್ತಾರೆ. ಒಬ್ಬರೇ ಹೋಗುವಾಗ ಅದು ದೊಡ್ಡ ಅನುಕೂಲವೇ. ಆದರೆ ಎಂಟು ಗಂಟೆ ಕುಳಿತವರನ್ನು ಇಳಿದೊಡನೆ ಮತ್ತೆ ಕುರ್ಚಿಯಲ್ಲಿ ಕೂಡಿಸಿ, ಮುಂದಿನ ವಿಮಾನದ ಬಾಗಿಲಲ್ಲಿ ಇಳಿಸಿದರೆ, ಕಾಲಿಗೆ ಸಿಗಬೇಕಾಗಿದ್ದ ಒಂದೇ ಒಂದು ನಡಿಗೆಯೂ ತಪ್ಪುತ್ತದೆ. ನಡೆಯಬಲ್ಲವರು, ಜೊತೆಯವರಿದ್ದರೆ, ನಡೆಯಲಿ. ಯುರೋಪಿನ ಆ ನಿಲ್ದಾಣದಲ್ಲಿ ನಾವಿಬ್ಬರೂ ಮೂರು ಗಂಟೆಯಲ್ಲಿ ಲಾಲ್‌ಬಾಗ್ ಸುತ್ತಿದಷ್ಟು ಸುತ್ತಿದೆವು.

ತಲುಪಿದ ಮೇಲೆ ಹಗಲು ರಾತ್ರಿ ಬುಡಮೇಲಾಗುತ್ತದೆ. ಕ್ಯಾಲಿಫೋರ್ನಿಯಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ವ್ಯತ್ಯಾಸ. ದೇಹದೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಂದಿಕೊಳ್ಳುವುದರಿಂದ ವಾರ ಹತ್ತು ದಿನ ಬೇಕೇ ಬೇಕು. ಬೆಳಗಿನ ಬಿಸಿಲಿನಲ್ಲಿ ನಡೆಯುವುದು, ಹಗಲು ಮಲಗಿದರೂ ಅರ್ಧ ಗಂಟೆಗೆ ಏಳುವುದು, ಇದಕ್ಕಿಂತ ಒಳ್ಳೆಯ ಮದ್ದು ನಮಗೆ ಕಾಣಲಿಲ್ಲ. ಆ ದಿನಗಳಲ್ಲಿಯೇ ಕಾಲಿನ ಮೇಲೂ ಕಣ್ಣಿರಬೇಕು. ಪ್ರಯಾಣ ಮುಗಿದು ಕೆಲವು ವಾರಗಳವರೆಗೂ ಅಪಾಯವಿರುತ್ತದೆ. ಎರಡು ಕಾಲೂ ಸಮನಾಗಿ ಊದಿ ಒಂದೆರಡು ದಿನದಲ್ಲಿ ಇಳಿದರೆ ಚಿಂತೆಯಿಲ್ಲ. ಒಂದೇ ಕಾಲು ಊದಿದರೆ, ಮೀನಖಂಡ ನೋಯ್ದು ಬಿಸಿಯಾದರೆ, ಎಣ್ಣೆ ಮುಟ್ಟದೆ ಡಾಕ್ಟರ ಬಳಿಗೆ ಹೋಗಬೇಕು. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ನೋಯ್ದರೆ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

2023ರ ಆ ಪ್ರಯಾಣದಲ್ಲಿ ಎರಡನೆಯ ವಿಮಾನದಲ್ಲಿ ತಾಯಿಯವರು ಓಣಿಯ ಪಕ್ಕ, ನಾವು ಓಣಿಯಾಚೆ. ತಾಯಿಯವರ ಬಳಿ ನಡುವಿನ ಆಸನ ಖಾಲಿ. ಅದರಾಚೆ ಕಿಟಕಿಯ ಬಳಿ ಓದಲು ಹೊರಟಿದ್ದ ಒಬ್ಬ ತೆಲುಗು ಹುಡುಗ. ಮೊದಲ ವಿಮಾನದಲ್ಲಿ ಪ್ರತಿ ಸಲವೂ ನಾವು ಹೇಳಿ ಎಬ್ಬಿಸಬೇಕಾಗಿತ್ತು. ಇದರಲ್ಲಿ ಅವರೇ ಗಡಿಯಾರ ನೋಡಿಕೊಂಡು ಏಳುತ್ತಿದ್ದರು. ಹಿಂದಿನ ಕೊನೆಗೆ ಹೋಗಿ ಪರದೆಯ ಬಳಿ ನಿಂತು ಹಿಮ್ಮಡಿ ಎತ್ತಿ ಇಳಿಸಿ ಬರುತ್ತಿದ್ದರು. ಹುಡುಗ ಮಾತ್ರ ಹತ್ತಿದಾಗ ಕುಳಿತವನು ಕುಳಿತೇ ಇದ್ದ. ಐದು ಗಂಟೆ ಕಳೆದಿತ್ತು. ತಾಯಿಯವರು ಎರಡು ಸಲ ಅವನ ಕಡೆ ನೋಡಿದರು, ಒಮ್ಮೆ ನಮ್ಮ ಕಡೆ ನೋಡಿದರು. ಆಮೇಲೆ ಕೈಚೀಲದಿಂದ ಕೋಡುಬಳೆಯ ಡಬ್ಬಿ ತೆಗೆದು, ಅದರ ಮೂಲೆಯಿಂದ ಅವನ ತೋಳನ್ನು ಮೆಲ್ಲಗೆ ತಟ್ಟಿದರು.

“ಏಳಪ್ಪಾ, ಏಳು. ನಾನು ಕಾಲು ತೆಗೀತೀನಿ. ಒಂದು ಸುತ್ತು ಹೋಗಿ ಬಂದು ತಿನ್ನು.”

ಅವನಿಗೆ ಕನ್ನಡ ಎಷ್ಟು ತಿಳಿಯಿತೋ ಕಾಣೆವು. ಡಬ್ಬಿಯನ್ನೊಮ್ಮೆ, ತಾಯಿಯವರು ಎದ್ದು ಬಿಟ್ಟುಕೊಟ್ಟ ದಾರಿಯನ್ನೊಮ್ಮೆ ನೋಡಿ, ನಾಚಿಕೊಂಡು ಎದ್ದ. ಶೌಚಗೃಹದ ಮುಂದೆ ಆಗಲೇ ನಾಲ್ಕು ಜನ ನಿಂತಿದ್ದರು. ಹಿಂತಿರುಗಲು ಅವನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ತಾಯಿಯವರು ಕೂರದೆ ಓಣಿಯಲ್ಲಿಯೇ ನಿಂತು ಅವನಿಗಾಗಿ ಕಾದರು.